ಕೋರ್ಟಿಗೆ ಮೊದಲು ಜೈಲಿನ ದೂರು: ಅಮೆರಿಕದ ಕೈದಿಗಳು ಗಡುವು ತಪ್ಪದಿರಲು ಏನು ಮಾಡಬೇಕು?

ಅಮೆರಿಕದ ಜೈಲಿನಲ್ಲಿ ಸಿಬ್ಬಂದಿ ಹೊಡೆದರೂ, ಔಷಧಿ ಕೊಡದೆ ಸತಾಯಿಸಿದರೂ ಕೈದಿ ನೇರವಾಗಿ ಫೆಡರಲ್ (ಕೇಂದ್ರ) ಕೋರ್ಟಿಗೆ ಹೋಗುವಂತಿಲ್ಲ. 1996ರ ಜೈಲು ದಾವೆ ಸುಧಾರಣಾ ಕಾಯ್ದೆಯಂತೆ, ಜೈಲಿನ ದೂರು ವ್ಯವಸ್ಥೆಯಲ್ಲಿರುವ ಮೇಲ್ಮನವಿಗಳನ್ನೆಲ್ಲ ಮೊದಲು ಮುಗಿಸಿರಬೇಕು. ಗಡುವು ಮೀರಿ ಕೊಟ್ಟ ದೂರು ಲೆಕ್ಕಕ್ಕಿಲ್ಲ ಎಂದು ಸುಪ್ರೀಂ ಕೋರ್ಟ್ 2006ರಲ್ಲೇ ಹೇಳಿದೆ. ಹೀಗಾಗಿ ಗಟ್ಟಿ ಪ್ರಕರಣಗಳೂ ವಿಚಾರಣೆಗೆ ಮುನ್ನವೇ ಬಿದ್ದುಹೋಗುತ್ತವೆ.

ಮೊದಲ ಕೆಲಸ, ಆ ಜೈಲಿನ ದೂರು ನಿಯಮಾವಳಿಯನ್ನು ಕೇಳಿ ಪಡೆಯುವುದು. ರಾಜ್ಯ ರಾಜ್ಯಕ್ಕೂ ಫಾರಂ, ಗಡುವು ಎರಡೂ ಬೇರೆ. ಇಲ್ಲಿ ಫೆಡರಲ್ ಜೈಲಿನ ಕ್ರಮ ನೋಡೋಣ.

ಸಾಮಾನ್ಯವಾಗಿ ಮೊದಲು ಸಿಬ್ಬಂದಿಯೊಡನೆ ಮಾತಾಡಿ ಬಗೆಹರಿಸಲು ಯತ್ನಿಸಬೇಕು. ಆ ಯತ್ನವೂ ಸೇರಿ ಘಟನೆಯಾದ 20 ದಿನದೊಳಗೆ ಬಿಪಿ-9 ಎಂಬ ದೂರಿನ ಫಾರಂ ಜೈಲಿನ ಮುಖ್ಯಸ್ಥರಾದ ವಾರ್ಡನ್‌ಗೆ ಸಲ್ಲಬೇಕು. ದಿನಾಂಕ, ಜಾಗ, ಯಾರು ಏನು ಮಾಡಿದರು, ಏನು ಪರಿಹಾರ ಬೇಕು, ಇಷ್ಟನ್ನು ನೇರವಾಗಿ ಬರೆಯಿರಿ. ಒಂದು ಫಾರಂನಲ್ಲಿ ಒಂದೇ ವಿಷಯವಿರಲಿ. ಊಟದ ದೂರನ್ನೂ ಹಲ್ಲೆಯ ದೂರನ್ನೂ ಬೆರೆಸಿದರೆ ಅರ್ಜಿ ವಾಪಸ್ ಬರುತ್ತದೆ. ಪರಿಹಾರವಾಗಿ ಹಣವನ್ನಷ್ಟೇ ಕೇಳುವವರೂ ಈ ದಾರಿಯಲ್ಲೇ ಬರಬೇಕು.

ವಾರ್ಡನ್ ಉತ್ತರ ತೃಪ್ತಿ ತರದಿದ್ದರೆ 20 ದಿನದೊಳಗೆ ಬಿಪಿ-10 ಮೇಲ್ಮನವಿ ಫಾರಂ ಪ್ರಾದೇಶಿಕ ನಿರ್ದೇಶಕರಿಗೆ. ಅಲ್ಲೂ ಆಗದಿದ್ದರೆ 30 ದಿನದೊಳಗೆ ಬಿಪಿ-11 ಕೇಂದ್ರ ಕಚೇರಿಗೆ. ಹೆಚ್ಚಿನವರು ಎಡವುವುದು ಇಲ್ಲೇ. ದಿನದ ಲೆಕ್ಕ ಶುರುವಾಗುವುದು ಉತ್ತರಕ್ಕೆ ಅಧಿಕಾರಿ ಸಹಿ ಹಾಕಿದ ದಿನದಿಂದ. ಕಾಗದ ಕೈದಿಯ ಕೈ ಸೇರುವಷ್ಟರಲ್ಲಿ ಒಂದು ವಾರ ಕಳೆದಿದ್ದರೆ ಬಿಪಿ-10ಕ್ಕೆ ಉಳಿಯುವುದು 13 ದಿನ ಮಾತ್ರ. ಉತ್ತರವನ್ನು ತಡವಾಗಿ ಕೊಟ್ಟಿದ್ದಕ್ಕೆ ಸಿಬ್ಬಂದಿಯಿಂದ ಬರಹದಲ್ಲಿ ದೃಢೀಕರಣ ಪಡೆದು ಲಗತ್ತಿಸಿ. ಕೆಳಹಂತದ ಅರ್ಜಿ, ಉತ್ತರಗಳ ಪ್ರತಿಯೂ ಜೊತೆಗಿರಬೇಕು.

ತಾಂತ್ರಿಕ ಕಾರಣಕ್ಕೆ ಅರ್ಜಿ ವಾಪಸ್ ಬಂದರೆ ಹಂತ ಮುಗಿಯಿತೆಂದು ಭಾವಿಸಬೇಡಿ. ಸರಿಪಡಿಸಲು ಕೊಟ್ಟ ಅವಧಿಯಲ್ಲೇ ಮತ್ತೆ ಸಲ್ಲಿಸಿ. ಉತ್ತರವೇ ಬರದಿದ್ದರೆ? ವಾರ್ಡನ್‌ಗೆ 20, ಪ್ರಾದೇಶಿಕ ಕಚೇರಿಗೆ 30, ಕೇಂದ್ರ ಕಚೇರಿಗೆ 40 ದಿನ ಕಾಲಾವಕಾಶವಿದೆ. ಅದೂ, ವಿಸ್ತರಿಸಿದ್ದರೆ ಆ ಅವಧಿಯೂ ಮುಗಿದ ಮೇಲೆ ಮೌನವನ್ನು ತಿರಸ್ಕಾರವೆಂದು ಪರಿಗಣಿಸಿ ಮುಂದಿನ ಹಂತಕ್ಕೆ ಹೋಗಬಹುದು. ಜೀವಕ್ಕೆ ಅಪಾಯವಿದ್ದರೆ ಅದನ್ನು ಫಾರಂನಲ್ಲೇ ಹೇಳಿ: ತುರ್ತು ದೂರಿಗೆ ವಾರ್ಡನ್ 3 ದಿನದೊಳಗೆ ಉತ್ತರಿಸಬೇಕು. ಜೈಲಿನಲ್ಲಿ ಗೊತ್ತಾದರೆ ಅಪಾಯವೆನ್ನುವ ಸೂಕ್ಷ್ಮ ದೂರನ್ನು ಕಾರಣ ಬರೆದು ನೇರವಾಗಿ ಪ್ರಾದೇಶಿಕ ನಿರ್ದೇಶಕರಿಗೇ ಕಳಿಸಬಹುದು.

ಫಾರಂ ಕೊಡದೆ ಸತಾಯಿಸಿದರೆ, ದೂರು ಕೊಟ್ಟರೆ ನೋಡಿಕೊಳ್ಳುತ್ತೇವೆ ಎಂದು ಬೆದರಿಸಿದರೆ ಆ ದಾರಿ ಕೈದಿಗೆ ಲಭ್ಯವಿರಲಿಲ್ಲ ಎಂದು ವಾದಿಸಬಹುದು. 2016ರ ರಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು ಇದಕ್ಕೆ ಆಧಾರ. ಯಾರನ್ನು, ಯಾವಾಗ ಕೇಳಿದಿರಿ, ಏನೆಂದರು ಎಂಬುದನ್ನು ಅಂದಂದೇ ಬರೆದಿಡಿ. ದೂರಿನ ಹಂತ ಮುಗಿಸಿಲ್ಲವೆಂಬ ಆಕ್ಷೇಪ ಎತ್ತಿ ಸಾಬೀತುಪಡಿಸುವ ಹೊಣೆ ಪ್ರತಿವಾದಿಗಳದು. ಆದರೂ ಅವರ ಕಡತಕ್ಕೆ ಉತ್ತರ ಕೊಡಲು ನಿಮ್ಮ ಬಳಿ ಪ್ರತಿಗಳಿರಬೇಕು.

ಕೊನೆಯ ಉತ್ತರ ಬರುವ, ಇಲ್ಲವೇ ಅದರ ಕಾಲಾವಕಾಶ ಮುಗಿಯುವ ಮೊದಲೇ ದಾವೆ ಹೂಡಬೇಡಿ. ದಾವೆ ವಜಾ ಆದರೂ ಶುಲ್ಕ ಬಾಕಿಯೇ: ಬಡ ಕೈದಿಗೂ 350 ಡಾಲರ್, ಕಂತುಗಳಲ್ಲಿ ಖಾತೆಯಿಂದ ಕಡಿತವಾಗುತ್ತದೆ.