ರ‍್ಯಾಕ್ ತರೋದಕ್ಕಿಂತ ಮೊದಲು ಫರಸಿ ಬಡಿದು ನೋಡ್ರಿ

ಕಲಬುರಗಿ ಕಡೆ ಗೋದಾಮಿಗೆ ಭಾರದ ಕಬ್ಬಿಣದ ರ‍್ಯಾಕ್ ತರುವವರು ಮೊದಲು ಅದರ ಕಾಲು ಬರುವ ಜಾಗದ ಶಹಾಬಾದ್ ಫರಸಿಯನ್ನು (ನೆಲಕ್ಕೆ ಹಾಸಿದ ಕಲ್ಲನ್ನು) ಸುತ್ತಿಗೆ ಹಿಡಿಯಿಂದ ಬಡಿದು ನೋಡ್ರಿ. ಟೊಳ್ಳು ಸದ್ದು ಬಂದರೆ ಅಷ್ಟು ಫರಸಿ ಕಿತ್ತು ಕಾಂಕ್ರೀಟ್ ಹಾಕಿಸ್ರಿ, ಚೆನ್ನಾಗಿ ಗಟ್ಟಿಯಾದ ಮೇಲೆಯೇ ಬೋಲ್ಟ್. ಒಂದು ಹಂತಕ್ಕೆ 50 ಕೆಜಿಯ 20 ಚೀಲ ತೊಗರಿಬೇಳೆ ಇಟ್ಟರೆ 1000 ಕೆಜಿ, ಮೂರು ಹಂತಕ್ಕೆ 3000. ಅಷ್ಟೂ ನಾಲ್ಕೇ ಕಾಲಿನ ಮೇಲೆ: ಕಾಲಿನ ಅಡಿಯ ಅಂಗೈಯಗಲದ ಒಂದೊಂದು ಪ್ಲೇಟಿಗೆ 750 ಕೆಜಿ. ಸಾಲಾಗಿ ಜೋಡಿಸಿದ ರ‍್ಯಾಕಿನಲ್ಲಿ ನಡುವಿನ ಕಾಲಿಗೆ ಅದರ ಎರಡರಷ್ಟು. ನೆಲದ ಮೇಲೆ ಹರವಿಟ್ಟ ಚೀಲ ತಡೆದ ಫರಸಿ ಅಡಿ ಟೊಳ್ಳಿದ್ದರೆ ಇದನ್ನು ತಡೆಯೋದಿಲ್ಲ, ಸಂದಿನ ಹತ್ತಿರವಂತೂ ಸೀಳೇ ಬಿಡುತ್ತದೆ. ಮಾರುವವರು ‘ಎರಡು ಟನ್’ ಅಂದರೆ ಅದು ಒಂದು ಹಂತಕ್ಕೋ ಇಡೀ ರ‍್ಯಾಕಿಗೋ ಕೇಳಿ, ಬಿಲ್ಲಿನ ಮೇಲೆ ಬರೆಸಿಕೊಳ್ರಿ. ಎರೆ ಮಣ್ಣಿನ ಮೇಲೆ ಕಟ್ಟಿದ ಗೋದಾಮಿಗೆ ಮಾತ್ರ ಇಷ್ಟು ಸಾಲದು. ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವ ಮಣ್ಣು ಕಾಂಕ್ರೀಟನ್ನೂ ಓರೆ ಮಾಡುತ್ತದೆ. ಅಲ್ಲಿ ಎಂಜಿನಿಯರಿಗೆ ತೋರಿಸ್ರಿ. ರ‍್ಯಾಕ್ ಈಗಾಗಲೇ ನಿಂತಿದ್ದರೆ ಗೌಂಡಿಯ ತೂಗುಗುಂಡು ಬಿಟ್ಟು ನೋಡ್ರಿ, ಕಾಲು ವಾಲಿದ್ದು ಕಂಡರೆ ಮೇಲಿನ ಚೀಲ ಅವತ್ತೇ ಇಳಿಸ್ರಿ.