ಬೆಂಕಿ ಆರಿಸುವ ಪ್ಲಾನ್ ಬಿಟ್ಟೆ: ಬೈಕಂಪಾಡಿಯ ಬ್ಯಾಟರಿ ಯಾರ್ಡಿನ ನನ್ನ ಅನುಭವ

ಮಂಗಳೂರಿನ ಬೈಕಂಪಾಡಿಯ ಒಂದು ಫ್ಯಾಕ್ಟರಿಗೆ ಕರೆಂಟ್ ಕೂಡಿಡುವ ಬ್ಯಾಟರಿ ಕಂಟೇನರುಗಳು ಬರುವುದಿತ್ತು. ಅದರೊಳಗೆ ಬೆಂಕಿ ಹೊತ್ತಿದರೆ ಆರಿಸುವ ಆಸೆಯನ್ನೇ ಬಿಟ್ಟು ನಾನು ಪ್ಲಾನ್ ಮಾಡಿದೆ. ಒಂದು ಹೋದರೆ ಹೋಗಲಿ, ಪಕ್ಕದ್ದು ಉಳಿಯಬೇಕು. ಯಾರೂ ಬಾಗಿಲು ತೆಗೆಯಬಾರದು. ಡ್ರಾಯಿಂಗ್ ನೋಡಿ ಫ್ಯಾಕ್ಟರಿಯ ಧಣಿಗಳು, "ಎಂತ ಮಾರಾಯ್ರೇ, ಬೆಂಕಿ ಆರಿಸ್ಲಿಕ್ಕೆ ಕರೆದ್ರೆ ಉರಿಲಿಕ್ಕೆ ಬಿಡುವ ಅಂತೀರಲ್ಲ" ಅಂದರು. ಬ್ಯಾಟರಿ ಮಾರಿದವರಂತೂ ನಕ್ಕೇಬಿಟ್ಟರು. "ಎಲ್‌ಎಫ್‌ಪಿ ಅಲ್ವಾ, ಅದು ಹೊತ್ತುವುದಿಲ್ಲ." ಎಲ್‌ಎಫ್‌ಪಿ ಅಂದರೆ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ.

2021ರಲ್ಲಿ ಬೀಜಿಂಗಿನಲ್ಲಿ ಸ್ಫೋಟವಾಗಿ ಇಬ್ಬರು ಅಗ್ನಿಶಾಮಕರು ಸತ್ತದ್ದು ಎಲ್‌ಎಫ್‌ಪಿ ಇದ್ದ ಕಡೆಯೇ. 2019ರಲ್ಲಿ ಅರಿಜೋನಾದ ಸರ್‌ಪ್ರೈಸ್ ಊರಿನ ಬ್ಯಾಟರಿ ಘಟಕದಲ್ಲಿ ಬೆಂಕಿ ಆರಿಸುವ ಗ್ಯಾಸ್ ತಾನಾಗಿಯೇ ಬಿಟ್ಟಿತ್ತು. ಆದರೂ ಸೆಲ್‌ಗಳು ಒಳಗೊಳಗೇ ಬಿಸಿಯಾಗಿ ಗ್ಯಾಸ್ ಕಾರುತ್ತಲೇ ಇದ್ದವು. ಕೆಲವು ಗಂಟೆ ಬಿಟ್ಟು ಬಾಗಿಲು ತೆಗೆದರು, ಸ್ವಲ್ಪ ಹೊತ್ತಿಗೆ ಸ್ಫೋಟವಾಯಿತು. ಈ ಎರಡು ಕತೆ ಹೇಳಿಯೇ ಅಂಥ ಗ್ಯಾಸ್ ಬಿಡುವ ಸಿಲಿಂಡರ್ ಸಿಸ್ಟಮ್ ಕೊಟೇಶನ್ ಬದಿಗಿಡಿಸಿದೆ. ಹತ್ತು ಹನ್ನೆರಡು ಲಕ್ಷದ್ದು. ಆ ದುಡ್ಡು ಗ್ಯಾಸ್ ಹೊರಹಾಕುವ ಫ್ಯಾನಿಗೆ, ಒತ್ತಡ ಏರಿದರೆ ಮೇಲಕ್ಕೆ ತೆರೆದುಕೊಳ್ಳುವ ಛಾವಣಿಯ ಪ್ಯಾನೆಲಿಗೆ ಹೋಯಿತು.

ನಮ್ಮದು ಎರಡು ಕಂಟೇನರ್, ಒಟ್ಟು ಐದು ಮೆಗಾವ್ಯಾಟ್ ಅವರ್ ಆಸುಪಾಸು. ಬ್ಯಾಟರಿಯ ಬೆಂಕಿ ಹೇಗೆ ಹಬ್ಬುತ್ತದೆ ಅಂತ ನೋಡುವ ಯುಎಲ್ 9540ಎ ಟೆಸ್ಟಿನ ರಿಪೋರ್ಟ್ ಕೇಳಿದಾಗ ಮೊದಲು ಬಂದದ್ದು ಬ್ರೋಷರ್. ಆಮೇಲೆ ಒಂದು ಸೆಲ್‌ನ ಟೆಸ್ಟ್ ಮಾತ್ರ. ಇಡೀ ಯುನಿಟ್ಟಿನ ಟೆಸ್ಟ್ ತೋರಿಸದೆ ಅಡ್ವಾನ್ಸ್ ಇಲ್ಲ ಅಂದ ಮೇಲೆ ಫೈಲ್ ಬಂತು. ಎನ್‌ಎಫ್‌ಪಿಎ 855 ಅನ್ನುವ ಅಮೆರಿಕದ ಬ್ಯಾಟರಿ ಸುರಕ್ಷತಾ ನಿಯಮದಲ್ಲಿ ಗಡಿಯಿಂದ 10 ಅಡಿ ಅಂತಿದೆ. ನಾನು ಎರಡು ಕಂಟೇನರುಗಳ ನಡುವೆಯೂ ಅಷ್ಟೇ ಬಿಡಿಸಿದೆ. ಬೈಕಂಪಾಡಿಯಲ್ಲಿ ಒಂದು ಸೆಂಟ್ಸ್ ಜಾಗ ಬಿಡಿ ಅಂದರೂ ಜಗಳ. ಆ ಜಗಳವೇ ಒಂದು ತಿಂಗಳು ತಿಂದಿತು.

ಗಡಿಯ ಬದಿಗೆ ಗೋಡೆ ಬೇಕಿತ್ತು. ಕೆಂಪುಕಲ್ಲು ಸಾಕಾಗ್ತದಾ ನೋಡುವ ಅಂತ ಮನೆಯ ಹಿಂದೆ ಒಂದು ತುಂಡು ಗೋಡೆ ಕಟ್ಟಿ ತೆಂಗಿನ ಚಿಪ್ಪು, ಕಟ್ಟಿಗೆ ಒಟ್ಟಿ ಉರಿ ಹಾಕಿದೆ. ಒಣಕಲ್ಲು ಎರಡು ಗಂಟೆ ಗಟ್ಟಿ ನಿಂತಿತು. ಹಿಂಬದಿ ಅರವತ್ತು ಡಿಗ್ರಿ ದಾಟಲಿಲ್ಲ. ಕಲ್ಲು ಒದ್ದೆ ಮಾಡಿ ಉರಿಸಿದರೆ ಚಟಪಟ ಸಿಡಿಯಿತು. ಒಂದು ಚೂರು ಅಂಗಳದ ತುಳಸಿಕಟ್ಟೆಗೆ ಬಡಿದು ಮನೆಯವರ ಬೈಗುಳವೂ ಸಿಕ್ಕಿತು. ಕಟ್ಟಿಗೆಯ ಉರಿ ಬ್ಯಾಟರಿಯ ಉರಿಯಲ್ಲ, ಗೊತ್ತು. ಆದರೂ ನಮ್ಮ ಮಳೆಗೆ ಒದ್ದೆಯಾಗದ ಕಲ್ಲು ಎಲ್ಲಿದೆ? ಎರಡೂ ಬದಿ ಸಿಮೆಂಟ್ ಗಾರೆ ಮಾಡಿಸಿ, ಮೇಲೆ ತಗಡಿನ ಟೊಪ್ಪಿ ಹಾಕಿಸಿದೆ.

ಜಾಸ್ತಿ ತಲೆ ತಿಂದದ್ದು ಹೈಡ್ರೋಜನ್ ಸೆನ್ಸರ್. ಬಿಸಿಯಾದ ಸೆಲ್ ಕಾರುವ ಗ್ಯಾಸಿನಲ್ಲಿ ಹೈಡ್ರೋಜನ್ ಇರುತ್ತದೆ. ಗಾಳಿಯಲ್ಲಿ 4 ಪರ್ಸೆಂಟ್ ಹೈಡ್ರೋಜನ್ ಇದ್ದರೆ ಹೊತ್ತಬಹುದು. ಅದರ ಕಾಲು ಭಾಗ ಮುಟ್ಟುವ ಎಷ್ಟೋ ಮೊದಲೇ ಫ್ಯಾನ್ ಓಡಬೇಕು. ಹೊಸ ಸೆನ್ಸರಿಗೆ ಟೆಸ್ಟ್ ಗ್ಯಾಸ್ ಹಿಡಿದರೆ ಸೊನ್ನೆ. ಬದಲಿಸಿದೆ. ಸ್ವಲ್ಪ ದಿನದಲ್ಲಿ ಮತ್ತೆ ಸೊನ್ನೆ. ಕಂಪನಿಯವರು ಉಪ್ಪುಗಾಳಿ ಅಂದರು. ನನಗೆ ನಂಬಿಕೆ ಬರಲಿಲ್ಲ. ಕೊನೆಗೆ ನೋಡಿದರೆ ಮಳೆಗಾಲಕ್ಕೆ ಅಂತ ಹುಡುಗರು ಕೇಬಲ್ ಹೋಗುವ ಪ್ರತಿ ಸಂದಿಗೂ ಸಿಲಿಕೋನ್ ಸೀಲೆಂಟ್ ಮೆತ್ತಿದ್ದರು. ಅದರ ಆವಿ ನಮ್ಮಲ್ಲಿದ್ದ ಕ್ಯಾಟಲಿಟಿಕ್ ಜಾತಿಯ ಸೆನ್ಸರಿಗೆ ವಿಷ! ಸೀಲೆಂಟ್ ಕೆರೆದು ಪಾಲಿಯುರೆಥೇನ್ ಹಾಕಿಸಿ, ಸೆನ್ಸರ್ ಕೂಡ ಬೇರೆ ಜಾತಿಯದು ತಂದೆ. ಒಂದೂವರೆ ಲಕ್ಷ ನೀರಿನಲ್ಲಿ ಹೋಮ. ಫ್ಯಾನಿನ ಬಾಯಿಗೆ ಅಡ್ಡಮಳೆ ನುಗ್ಗದಂತೆ ಡಕ್ಟ್ ಹೇಗೆ ಬಗ್ಗಿಸಿದೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಅದರಲ್ಲಿ ನನ್ನ ಅನ್ನ ಇದೆ.

ನೀರು ಇರುವುದು ಪಕ್ಕದ ಕಂಟೇನರ್ ತಣ್ಣಗಿಡಲಿಕ್ಕೆ. ಒಂದು ಲಕ್ಷ ಲೀಟರಿನ ಟ್ಯಾಂಕ್, ದೂರಕ್ಕೆ ನೀರು ಹಾರಿಸುವ ಎರಡು ಮಾನಿಟರ್. ಆ ನೀರು ತೋಡಿಗೆ ಹೋಗಬಾರದು ಅಂತ ಸುತ್ತ ಕಟ್ಟೆ. ಆದರೆ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಮಳೆ ಬೀಳುವ ಊರಿನಲ್ಲಿ ಕಟ್ಟೆ ಕಟ್ಟಿದರೆ ಅದು ಕೆರೆ. ಮಳೆಗೆ ತೆರೆದಿರಬೇಕು, ಬೆಂಕಿಗೆ ಮುಚ್ಚಬೇಕು. ಮೋಟಾರ್ ವಾಲ್ವ್ ಹಾಕಿದೆವು, ಕೆಸರು ತುಂಬಿ ಜಾಮ್. ಈಗ ಇರುವುದು ಗೇಟಿನ ಹತ್ತಿರ ಒಂದು ಸ್ಟೀಲ್ ಹಲಗೆ. ವಾಚ್‌ಮನ್ ಅದನ್ನು ಕಟ್ಟೆಯ ಬಾಯಲ್ಲಿರುವ ಸೀಳಿನೊಳಗೆ ಇಳಿಸಿದರೆ ಮುಗಿಯಿತು. ಗದ್ದೆಗೆ ನೀರು ಕಟ್ಟಿ ಗೊತ್ತಿದ್ದವರು, ಕಲಿಸುವುದೇ ಬೇಕಾಗಲಿಲ್ಲ. ಹಗಲು ಕಡಲಗಾಳಿ, ರಾತ್ರಿ ಗಟ್ಟದ ಕಡೆಯ ಗಾಳಿ. ಹಾಗಾಗಿ ಜನ ಸೇರುವ ಜಾಗ ಕೂಡ ಎರಡು.

ಇನ್ನೊಂದು ಹಟ ಹಿಡಿದೆ. ಅಲಾರ್ಮ್ ಲೈನ್ ಜೋಡಿಸದೆ ಕಂಟೇನರ್ ಒಂದು ರಾತ್ರಿಯೂ ನಿಲ್ಲಬಾರದು. 2021ರ ಜುಲೈ 30ರಂದು ಆಸ್ಟ್ರೇಲಿಯಾದ ಜೀಲಾಂಗಿನ ಬ್ಯಾಟರಿ ಕೇಂದ್ರದಲ್ಲಿ ಕೂಲೆಂಟ್ (ತಣ್ಣಗಿಡುವ ದ್ರವ) ಸೋರಿ ಬೆಂಕಿ ಹೊತ್ತಿದ್ದು ಕಮಿಷನಿಂಗ್ ಹೊತ್ತಿನಲ್ಲೇ, ಅಂದರೆ ಚಾಲೂ ಮಾಡುವ ಮೊದಲಿನ ಪರೀಕ್ಷೆಯಲ್ಲೇ. ಆ ಯುನಿಟ್ಟಿನ ಸುದ್ದಿ ಕಂಟ್ರೋಲ್ ರೂಮಿಗೆ ಹೋಗುತ್ತಿರಲಿಲ್ಲ. ಪಕ್ಕದ್ದಕ್ಕೂ ಹಬ್ಬಿತು.

ನಮಗೆ ಪರೀಕ್ಷೆ ಬಂದದ್ದು ತುಳುನಾಡಿನ ಆಟಿ ತಿಂಗಳ ಮಳೆಯಲ್ಲಿ, ರಾತ್ರಿ. ಎರಡನೇ ಕಂಟೇನರಿನಲ್ಲಿ ಹೈಡ್ರೋಜನ್ ಏರಿತು, ಬ್ರೇಕರ್ ಬಿತ್ತು, ಫ್ಯಾನ್ ಓಡಿತು. ವಾಚ್‌ಮನ್ ಹಲಗೆ ಇಳಿಸಿ 112ಕ್ಕೆ ಫೋನ್ ಮಾಡಿದರು. ಬಾಗಿಲ ಹತ್ತಿರ ಹೋಗಲಿಲ್ಲ. ಫೈರ್‌ನವರಿಗೆ ಮೊದಲೇ ಚಾ ಕೊಟ್ಟು ಜಾಗ ತೋರಿಸಿದ್ದೆ, ಅವರೂ ದೂರ ನಿಂತರು. ಜ್ವಾಲೆ ಏಳಲಿಲ್ಲ. ರೀಡಿಂಗ್ ಸೊನ್ನೆಗೆ ಬಂದರೂ ಮರುದಿನದವರೆಗೆ ಬಾಗಿಲು ತೆಗೆಯಲು ಬಿಡಲಿಲ್ಲ. ತೆಗೆದಾಗ ಕಂಡದ್ದು ಒಂದು ಮಾಡ್ಯೂಲಿನ ಒಂದೇ ಸೆಲ್, ಹೊಟ್ಟೆ ಉಬ್ಬಿ ಮೇಲಿನ ವೆಂಟ್ ಬಿರಿದಿತ್ತು. ಸುತ್ತ ಸಿಹಿವಾಸನೆಯ ಜಿಡ್ಡು. ವಾರಂಟಿಯಲ್ಲಿ ಮಾಡ್ಯೂಲ್ ಬದಲಾಯಿತು. ನಕ್ಕವರೇ ಈಗ ನನ್ನ ಡ್ರಾಯಿಂಗಿನ ಕಾಪಿ ಕೇಳುತ್ತಿದ್ದಾರೆ. ಕೊಡುವುದಿಲ್ಲ.

ಎಲ್ಲ ಸೇರಿ ಮೇಲಿನ ಖರ್ಚು ಮೂವತ್ತೈದು ಲಕ್ಷದ ಹತ್ತಿರ. ಇನ್ಶೂರೆನ್ಸ್ ಕಂತಿನಲ್ಲಿ ಸ್ವಲ್ಪ ವಾಪಸ್ ಬಂತು, ಧಣಿಗಳು ಲೆಕ್ಕ ಹಾಕಿದಷ್ಟಲ್ಲ. ಮಾಡುವವರು ಸೆನ್ಸರ್ ಬದಲಿಸುವ ಖರ್ಚನ್ನು ಮೊದಲ ಎಸ್ಟಿಮೇಟಿನಲ್ಲೇ ಬರೆದುಬಿಡಿ. ಆಮೇಲೆ ಕೇಳಿದರೆ ಅಕೌಂಟ್ಸ್‌ನವರು, "ಈಗ ಸರಿ ಇದೆಯಲ್ಲ" ಅಂತ ಸೈನ್ ಹಾಕುವುದಿಲ್ಲ.