ಒಂದೇ ತೂಕ ಎತ್ತಿ ಎತ್ತಿ ಮಸಲ್ ಬೆಳೆಯುದು ನಿಂತು ಹೋಗಿದ್ರೆ ಹೀಗೆ ಮಾಡಿ ನೋಡಿ

ನಮ್ಮ ಬದಿಯಡ್ಕ, ಕುಂಬಳೆ ಕಡೆ ಜಿಮ್ಮಿಗೆ ಹೋಗುವ ಹುಡುಗ್ರು ನನ್ನತ್ರ ಕೇಳುದು ಹೆಚ್ಚಾಗಿ ಇದನ್ನೇ, ಅಣ್ಣ ಮೊದಲ ಆರು ತಿಂಗಳು ಮೈ ಒಳ್ಳೆ ಬಂತು, ಈಗ ಎಂತ ಮಾಡಿದ್ರೂ ಬರುದಿಲ್ಲ ಅಂತ. ಬೆಂಚಿಗೆ (ಮಲಗಿ ಎದೆ ಮೇಲಿಂದ ಬಾರ್ ಎತ್ತುದು) ಎಷ್ಟು ಹಾಕ್ತಿ ಕೇಳಿದ್ರೆ 60 ಕಿಲೊ, 10 ರೆಪ್, ಅಂದ್ರೆ ಹತ್ತು ಸಲ ಎತ್ತಿ ಇಳಿಸುದು. ಆರು ತಿಂಗಳ ಹಿಂದೆ ಎಷ್ಟು ಕೇಳಿದ್ರೆ ಅದೇ 60, ಅದೇ 10! ಹೊಸದಾಗಿ ಅಡಿಕೆ ಗೋಣಿ ಹೊತ್ತವನಿಗೆ ಎರಡು ದಿನ ಕೈ ಎತ್ಲಿಕ್ಕೆ ಆಗುದಿಲ್ಲ, ಹದಿನೈದು ದಿನ ಕಳೆದ್ರೆ ಎಂತದೂ ಗೊತ್ತಾಗುದಿಲ್ಲ ಅಲ್ವಾ, ಮೈಗೆ ಅಭ್ಯಾಸ ಆಯ್ತು ಅಷ್ಟೆ, ಮತ್ತೆ ಅದು ಯಾಕೆ ಬೆಳೀಬೇಕು.

ಮೊದಲು ನಿಮ್ಮ ಮ್ಯಾಕ್ಸ್, ಅಂದ್ರೆ ಒಂದೇ ಸಲ ಎತ್ಲಿಕ್ಕೆ ಆಗುವ ಅತಿ ಹೆಚ್ಚು ತೂಕ, ಲೆಕ್ಕ ಹಾಕಿ. ಒಂದೇ ಒಂದು ರೆಪ್ ಎತ್ತಿ ಪರೀಕ್ಷೆ ಮಾಡ್ಲಿಕ್ಕೆ ಹೋಗ್ಬೇಡಿ, ಹೆಗಲಿಗೆ ಪೆಟ್ಟಾಗ್ಬಹುದು. ರೆಪ್ಪನ್ನು 30ರಿಂದ ಭಾಗಿಸಿ 1 ಕೂಡಿಸಿ ತೂಕದಿಂದ ಗುಣಿಸಿದ್ರೆ ಸಾಕು, 60 ಕಿಲೊ 10 ರೆಪ್ ಅಂದ್ರೆ ಮ್ಯಾಕ್ಸ್ ಸುಮಾರು 80. ಇದು ಅಂದಾಜು.

ಈಗ ವಾರದಲ್ಲಿ ಮೂರು ದಿನ ಮೂರು ಬೇರೆ ಬೇರೆ ತೂಕ, ಬೆಂಚಲ್ಲಿ ಮ್ಯಾಕ್ಸ್ 80 ಇದ್ದವನ ಲೆಕ್ಕ ಹೀಗೆ. ಸೋಮವಾರ ಹೆವಿ, 65 ಕಿಲೊ 5 ರೆಪ್ 4 ಸೆಟ್ (ನಿಲ್ಲಿಸದೆ ಮಾಡುವ 5 ರೆಪ್ಪಿನ ಒಂದು ಸುತ್ತು ಒಂದು ಸೆಟ್), ಸೆಟ್ಟಿನ ನಡುವೆ ಮೂರು ನಿಮಿಷ ಕೂತ್ಕೊಳ್ಳಿ, ಹಿಂದೆ ಹಿಡಿಲಿಕ್ಕೆ ಒಬ್ಬ ಬೇಕೇ ಬೇಕು. ಬುಧವಾರ ಲೈಟ್, 50 ಕಿಲೊ 15 ರೆಪ್ 3 ಸೆಟ್. ಲೈಟ್ ಅಂತ ಸಸಾರ ಮಾಡ್ಬೇಡಿ ಮಾರಾಯ್ರೆ, ಕಡಿಮೆ ತೂಕದಲ್ಲೂ ಮಸಲ್ ಬೆಳೀತದೆ, ಆದ್ರೆ ಕೊನೆಗೆ ಇನ್ನು ಎರಡೇ ರೆಪ್ ಆಗ್ಬಹುದು ಅನ್ನುವಷ್ಟು ಹತ್ರ ಹೋಗಿ ನಿಲ್ಲಿಸ್ಬೇಕು, ಗಂಟಿಗೂ ಆ ದಿನ ಚೂರು ಆರಾಮ ಸಿಗ್ತದೆ. ಶುಕ್ರವಾರ 57.5 ಕಿಲೊ, 8ರಿಂದ 10 ರೆಪ್. ಹೆವಿ ದಿನದಲ್ಲಿ ಬಂದ ಶಕ್ತಿ ಸ್ವಲ್ಪ ವಾರ ಕಳೆದು ಈ ಶುಕ್ರವಾರದ ತೂಕವನ್ನೂ ಮೇಲೆ ತರ್ತದೆ, ಮೂರನ್ನೂ ಸೇರಿಸುದು ಅದಕ್ಕೇ.

ಸ್ಕ್ವಾಟ್ (ಬಾರ್ ಹೆಗಲಲ್ಲಿಟ್ಟು ಕೂತು ಏಳುದು), ರೋಯಿಂಗ್ (ಬಗ್ಗಿ ಬಾರ್ ಹೊಟ್ಟೆ ಕಡೆ ಎಳೆಯುದು) ಎರಡಕ್ಕೂ ಹೀಗೇ. ಬೈಸೆಪ್ಸ್ ಕರ್ಲಿಗೆ (ಮೊಣಕೈ ಮಡಚಿ ತೂಕ ಎತ್ತುದು) ಮಾತ್ರ 5 ರೆಪ್ಪಿನ ಹೆವಿ ಬೇಡ, ಮೊಣಕೈ ಹಾಳಾಗ್ಬಹುದು, 10ರ ಮೇಲೆ ಮಾಡಿದ್ರೆ ಸಾಕು.

ಐದಾರು ವಾರಕ್ಕೊಮ್ಮೆ ಒಂದು ವಾರ ಮೈಗೆ ಆರಾಮ ಸಿಗ್ಲಿ ಅಂತ ಸೆಟ್ ಅರ್ಧ ಮಾಡಿ. ತೋಟ ಇರುವವರು ಅಡಿಕೆ ಕೊಯ್ಲಿನ ವಾರವನ್ನೇ ಇದಕ್ಕೆ ಇಟ್ಕೊಳ್ಳಿ, ಹಗಲಿಡೀ ಗೊನೆ ಹೊತ್ತು ಸಂಜೆ ಹೆವಿ ಸ್ಕ್ವಾಟ್ ಮಾಡಿದ್ರೆ ನಡು ಹಿಡೀತದೆ.

ಮತ್ತೆ ಊಟ. ದಿನಕ್ಕೆ ಮೈತೂಕದ ಕಿಲೊಗೆ 1.6 ಗ್ರಾಮ್ ಪ್ರೊಟೀನ್ ಬೇಕು, 65 ಕಿಲೊ ಇರುವವನಿಗೆ 104 ಗ್ರಾಮ್, ಗಂಜಿ ಉಪ್ಪಿನಕಾಯಲ್ಲಿ ಅದು ಆಗುವ ಮಾತಲ್ಲ. ಮೀನು ತಿನ್ನುವವರಿಗೆ ಬೂತಾಯಿ ಉಂಟು, ತಿನ್ನದವರು ಕಡ್ಲೆ, ಹೆಸರು, ಹಾಲು, ಮೊಸರು ಜಾಸ್ತಿ ಮಾಡಿ.

ಒಂದು ಪುಸ್ತಕದಲ್ಲಿ ದಿನಾ ಬರೆದಿಡಿ. ಸೋಮವಾರದ 65 ಕಿಲೊ ನಾಲ್ಕೂ ಸೆಟ್ಟಲ್ಲಿ ಪೂರ್ತಿ 5 ಬಂತಾ, ಮುಂದಿನ ಸೋಮವಾರ ಎರಡೂ ಬದಿಗೆ 1.25ರ ಪ್ಲೇಟ್ ಹಾಕಿ. ಬರ್ಲಿಲ್ವಾ, ಇನ್ನೊಂದು ವಾರ 65ರಲ್ಲೇ ಇರಿ.